ರಸ್ತೆಯ ಗಂಟು ಮತ್ತು ಜನಾಭಿಪ್ರಾಯ

ಲಂಡನ್ ನಗರದ ಸುತ್ತ ಒಡ್ಯಾಣ ತೊಡಿಸಿದಂತೆ ಒಂದು ಮೋಟಾರು ಹೆದ್ದಾರಿ ಹಾದಿದೆ. ಅದನ್ನು ಎಂ-25 ಎಂದು ಕರೆಯುತ್ತಾರೆ. ಉದ್ದ 117 ಮೈಲಿ, ಅಂದರೆ 188 ಕಿಲೋಮೀಟರು. 1986ನೆಯ ಇಸವಿ ಅಕ್ಟೋಬರ್ 29ರಂದು ಅಂದಿನ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಅದರ ಕೊನೆಯ ತುಂಡನ್ನು ಸಂಚಾರಕ್ಕೆ ತೆರೆದರು. ನಗರದಿಂದ ಹೊರಡುವ ದೊಡ್ಡ ರಸ್ತೆಗಳು ಈ ಉಂಗುರವನ್ನು ಸಂಧಿಸುವ ಒಂದೊಂದು ಸ್ಥಳಕ್ಕೂ ಒಂದೊಂದು ನಂಬರು. ಹತ್ತನೆಯ ನಂಬರಿನ ಕೂಡುರಸ್ತೆ ಸರ್ರೆ ಪ್ರಾಂತದಲ್ಲಿ, ವಿಸ್ಲಿ ಎಂಬ ಹಳ್ಳಿಯ ಬಳಿ ಇದೆ. ಲಂಡನ್ನಿನಿಂದ ಪೋರ್ಟ್ಸ್‌ಮತ್ ಬಂದರಿಗೆ ಹೋಗುವ ಎ-3 ರಸ್ತೆ ಇಲ್ಲಿ ಉಂಗುರವನ್ನು ದಾಟುತ್ತದೆ. ನಮ್ಮ ವಾಚಕರಲ್ಲಿ ಕೆಲವರು ಮಕ್ಕಳನ್ನು ನೋಡಲೆಂದು ಆ ದೇಶಕ್ಕೆ ಹೋಗಿ, ಹೀತ್ರೋ ವಿಮಾನ ನಿಲ್ದಾಣದಲ್ಲಿಳಿದು ಗಿಲ್‌ಫರ್ಡ್ ಕಡೆಗೆ ಕಾರಿನಲ್ಲಿ ಪ್ರಯಾಣ ಮಾಡಿರಬಹುದು. ಹಾಗೆ ಹೋದವರು ಈ ಗಂಟಿನಲ್ಲಿ ಸಿಕ್ಕಿಕೊಂಡು ಗಡಿಯಾರ ನೋಡಿಯೇ ಇರುತ್ತಾರೆ. ದಿನಕ್ಕೆ ಸುಮಾರು ಮೂರು ಲಕ್ಷ ವಾಹನಗಳು ಹಾಯುವ ಸ್ಥಳ ಅದು. ಅಪಘಾತಗಳ ಲೆಕ್ಕದಲ್ಲಿಯೂ ಇಂಗ್ಲೆಂಡಿನ ಹೆದ್ದಾರಿಗಳ ಪಟ್ಟಿಯಲ್ಲಿ ಅದು ಮೇಲಿನ ಸಾಲಿನಲ್ಲಿತ್ತು.

ಈ ಗಂಟನ್ನು ಸಡಿಲಿಸಬೇಕೆಂದು ಹೊರಟ ಹೆದ್ದಾರಿ ಸಂಸ್ಥೆ ಗುದ್ದಲಿ ಹಿಡಿಯುವುದಕ್ಕೆ ಐದು ವರ್ಷಗಳಿಗೂ ಮೊದಲು ಊರವರಿಗೆ ಕಾಗದ ಹಂಚಿತು. ‘ನಮ್ಮ ಆಲೋಚನೆ ಹೀಗಿದೆ, ನಿಮ್ಮ ಅಭಿಪ್ರಾಯವೇನು?’ ಎಂದು ಕೇಳಿತು. ಈ ಕೇಳುವಿಕೆಗೆ ಆ ದೇಶದಲ್ಲಿ ಒಂದು ಕಾಯಿದೆ, ಒಂದು ಕ್ರಮ, ಒಂದು ಚರಿತ್ರೆ ಇವೆ. ಕೇಳಿದ್ದರಿಂದ ಏನಾದರೂ ಬದಲಾಯಿತೆ, ಅಥವಾ ಅದು ಬರಿಯ ಶಾಸ್ತ್ರವೆ ಎಂಬ ಪ್ರಶ್ನೆಗೆ ವಿಸ್ಲಿಯಲ್ಲಿ ದೊರೆತ ಉತ್ತರ ಕುತೂಹಲಕರವಾಗಿದೆ. ಅದಕ್ಕೆ ಮೊದಲು ಗಂಟು ಬಿದ್ದದ್ದು ಹೇಗೆಂಬುದನ್ನು ತಿಳಿಯಬೇಕು.

ಮೋಟಾರು ಹೆದ್ದಾರಿಯೆಂದರೆ ಅಗಲವಾದ ರಸ್ತೆಯೆಂದಷ್ಟೇ ಅರ್ಥವಲ್ಲ. ಅದರ ಮೇಲೆ ಪಾದಚಾರಿಗಳಾಗಲಿ, ಸೈಕಲ್ ಸವಾರರಾಗಲಿ, ಕುದುರೆ ಸವಾರರಾಗಲಿ ಹೋಗುವಂತಿಲ್ಲ. ಯಾವ ಅಡ್ಡರಸ್ತೆಯೂ ಅದನ್ನು ಸಮಮಟ್ಟದಲ್ಲಿ ದಾಟುವಂತಿಲ್ಲ. ಮೇಲಿನಿಂದಲೋ ಕೆಳಗಿನಿಂದಲೋ ಹಾಯಬೇಕು. ಬ್ರಿಟನ್ನಿನಲ್ಲಿ ಇಂಥ ಮೊದಲ ರಸ್ತೆ 1958ರ ಡಿಸೆಂಬರಿನಲ್ಲಿ ಪ್ರೆಸ್ಟನ್ ಪಟ್ಟಣದ ಹೊರವಲಯದಲ್ಲಿ ತೆರೆಯಿತು. ಅದರ ಉದ್ದ ಎಂಟು ಮೈಲಿ ಮಾತ್ರ. ವಿಸ್ಲಿಯಲ್ಲಿ ಎರಡು ದೊಡ್ಡ ರಸ್ತೆಗಳೂ ಬೇರೆ ಬೇರೆ ಮಟ್ಟದಲ್ಲಿ ಹಾದುಹೋಗುವುದರಿಂದ ನೇರ ಹೋಗುವವರಿಗೆ ತಡೆಯಿಲ್ಲ. ಒಂದರಿಂದ ಇನ್ನೊಂದಕ್ಕೆ ತಿರುಗುವವರು ಮಾತ್ರ ಕವಲು ರಸ್ತೆಯಲ್ಲಿ ಹೊರಬಂದು, ದೊಡ್ಡದೊಂದು ವೃತ್ತವನ್ನು ಸೇರಿ, ಅದನ್ನು ಸುತ್ತಿ, ತಮಗೆ ಬೇಕಾದ ಕವಲನ್ನು ಹಿಡಿಯಬೇಕು.

ಅಲ್ಲಿಯೂ ನಮ್ಮಂತೆಯೇ ಎಡಬದಿಯ ಸಂಚಾರ. ಎಡಕ್ಕೆ ತಿರುಗುವವನಿಗೆ ವೃತ್ತದ ಕಾಲುಭಾಗ ಸಾಕು. ಬಲಕ್ಕೆ ತಿರುಗಬೇಕಾದವನು ಮುಕ್ಕಾಲು ಸುತ್ತು ಬರಬೇಕು, ದಾರಿಯಲ್ಲಿ ಎರಡು ಬಾಯಿಗಳಿಂದ ಒಳನುಗ್ಗುವ ವಾಹನಗಳನ್ನು ಎದುರಿಸಬೇಕು. ಒಂದು ಕಾಲದಲ್ಲಿ ಬ್ರಿಟನ್ನಿನ ವೃತ್ತಗಳಲ್ಲಿ ಯಾರು ಯಾರಿಗೆ ದಾರಿ ಬಿಡಬೇಕೆಂಬುದೇ ನಿಶ್ಚಯವಾಗಿರಲಿಲ್ಲ. ಒಳಗಿದ್ದವರು ಹೊರಗಿನಿಂದ ಬರುವವರಿಗಾಗಿ ನಿಂತು, ಇಡೀ ಚಕ್ರವೇ ಬಿಗಿದು ನಿಲ್ಲುತ್ತಿತ್ತು. 1966ರ ನವೆಂಬರಿನಲ್ಲಿ ‘ಬಲಗಡೆಯಿಂದ ಬರುವವನಿಗೆ, ಎಂದರೆ ಆಗಲೇ ವೃತ್ತದೊಳಗೆ ಇರುವವನಿಗೆ, ಮೊದಲ ಹಕ್ಕು’ ಎಂಬ ನಿಯಮ ಬಂತು. ಒಂದು ಕಲ್ಲನ್ನೂ ಸರಿಸದೆ ವೃತ್ತಗಳ ಶಕ್ತಿ ಹೆಚ್ಚಿತು. ನಮ್ಮ ಊರುಗಳ ಸರ್ಕಲ್ಲುಗಳಲ್ಲಿ ಸಂಜೆ ಆರರ ಹೊತ್ತಿಗೆ ನಿಂತು ನೋಡಿದವರಿಗೆ ಈ ನಿಯಮದ ಬೆಲೆ ಏನೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ನಿಯಮಕ್ಕೂ ಒಂದು ಮಿತಿಯುಂಟು. ತಡೆಯಿಲ್ಲದ ಹೆದ್ದಾರಿಯ ಒಂದು ಸಾಲಿನಲ್ಲಿ ಗಂಟೆಗೆ ಸುಮಾರು ಎರಡು ಸಾವಿರ ವಾಹನಗಳು ಸಾಗಬಲ್ಲವು. ಅದೇ ಸಾಲಿನ ತುದಿಗೆ ಕೆಂಪು ಹಸುರು ದೀಪ ಇಟ್ಟರೆ, ಹಸುರು ಇರುವ ಹೊತ್ತಿನಷ್ಟೇ ಅದರ ಬಾಳು. ಅರ್ಧ ಹೊತ್ತು ಕೆಂಪಾದರೆ ಅರ್ಧಕ್ಕರ್ಧ ಶಕ್ತಿ ಹೋಯಿತು. ಲಾಳಿಕೆಗೆ ಅದರ ತೂತು ತಾಳುವುದಕ್ಕಿಂತ ಹೆಚ್ಚಾಗಿ ಎಣ್ಣೆ ಸುರಿದರೆ ಎಣ್ಣೆ ಮೇಲಕ್ಕೆ ಏರುತ್ತದಷ್ಟೆ. ಇಲ್ಲಿಯೂ ವೃತ್ತ ತುಂಬಿದಾಗ ಕವಲು ರಸ್ತೆ ತುಂಬುತ್ತದೆ. ಕವಲು ತುಂಬಿದಾಗ ಸಾಲು ಹೆದ್ದಾರಿಗೇ ಚಾಚುತ್ತದೆ. ಗಂಟೆಗೆ ಎಪ್ಪತ್ತು ಮೈಲಿಯ ವೇಗದಲ್ಲಿ ಬರುವವನ ಎದುರಿಗೆ ನಿಂತ ಸಾಲಿನ ಬಾಲ ಕಾಣಿಸಿಕೊಳ್ಳುತ್ತದೆ. ಅಪಘಾತಗಳಿಗೆ ಮುಖ್ಯ ಕಾರಣಗಳಲ್ಲಿ ಇದೊಂದು. ಹೀಗಾಗಿ ಕೂಡುರಸ್ತೆಯ ತೊಂದರೆ ತಿರುಗುವವರಿಗೆ ಮಾತ್ರವಲ್ಲ, ನೇರ ಹೋಗುವವರಿಗೂ ತಟ್ಟುತ್ತದೆ.

ಹೆದ್ದಾರಿ ಸಂಸ್ಥೆ 2016ರ ಡಿಸೆಂಬರಿನಲ್ಲಿ ಎರಡು ನಕ್ಷೆಗಳನ್ನು ಜನರ ಮುಂದಿಟ್ಟಿತು. ಬಲಕ್ಕೆ ತಿರುಗುವ ಪ್ರವಾಹಗಳನ್ನು ಮೇಲ್ಸೇತುವೆಗಳ ಮೇಲೆ ಎತ್ತಿ, ದೀಪಗಳ ಗೊಡವೆಯೇ ಇಲ್ಲದಂತೆ ಹರಿಯಬಿಡುವುದು ಒಂದು. ಇರುವ ವೃತ್ತವನ್ನೇ ಉದ್ದಕ್ಕೆ ಎಳೆದು, ಸೌತೆಕಾಯಿಯ ಆಕಾರಕ್ಕೆ ತಂದು, ವಾಹನಗಳು ನಿಲ್ಲಲು ಹೆಚ್ಚು ಸ್ಥಳ ಮಾಡಿ, ಎಡಕ್ಕೆ ತಿರುಗುವವರಿಗೆ ವೃತ್ತಕ್ಕೆ ಬಾರದೆಯೇ ಹೋಗುವ ಪ್ರತ್ಯೇಕ ದಾರಿ ಕೊಡುವುದು ಇನ್ನೊಂದು. ಮೊದಲನೆಯದರಿಂದ ಸಂಚಾರಕ್ಕೆ ಲಾಭ ಹೆಚ್ಚು. ಖರ್ಚೂ ಹೆಚ್ಚು, ಅದು ನುಂಗುವ ನೆಲವೂ ಹೆಚ್ಚು. ಎರಡನೆಯದು ಅಗ್ಗ, ಆದರೆ ಬಲಕ್ಕೆ ಹೋಗುವವನಿಗೆ ದೀಪಗಳ ಕಾಟ ತಪ್ಪದು. ಎರಡರಲ್ಲಿಯೂ ಎ-3 ರಸ್ತೆಯನ್ನು ಅಗಲ ಮಾಡುವ ಮಾತಿತ್ತು.

ನೆಲದ ವಿಷಯ ಇಲ್ಲಿ ಸಣ್ಣದಾಗಿರಲಿಲ್ಲ. ಆ ಕೂಡುರಸ್ತೆಯ ಸುತ್ತಲೂ ಇರುವುದು ಹೀತ್ ಎಂಬ ಬಗೆಯ ಕುರುಚಲು ಬಯಲು: ಮರಳುಮಣ್ಣು, ಮೊಣಕಾಲೆತ್ತರದ ಪೊದೆ, ಬೇಸಗೆಯ ಕೊನೆಯಲ್ಲಿ ಮೈತುಂಬ ನೇರಿಳೆ ಹೂವು. ನೈಟ್‌ಜಾರ್, ವುಡ್‌ಲಾರ್ಕ್, ಡಾರ್ಟ್‌ಫರ್ಡ್ ವಾರ್ಬ್ಲರ್ ಎಂಬ ಮೂರು ಹಕ್ಕಿಗಳು ನೆಲದ ಮೇಲೋ ನೆಲಕ್ಕೆ ಹತ್ತಿದ ಪೊದೆಯಲ್ಲೋ ಗೂಡು ಕಟ್ಟುತ್ತವೆ. ಅವುಗಳಿಗಾಗಿ ಈ ಬಯಲು ಕಾಯಿದೆಯ ರಕ್ಷಣೆ ಪಡೆದಿದೆ. ಅದರ ಬಹುಭಾಗ, ನಮ್ಮ ಗೋಮಾಳಗಳಂತೆ, ಊರಿನ ಸಾಮಾನ್ಯ ನೆಲವೂ ಹೌದು. ಅದರಿಂದ ಒಂದು ತುಂಡು ತೆಗೆದರೆ ಬದಲಿ ನೆಲ ಕೊಡಬೇಕೆಂಬುದು ಕಟ್ಟಳೆ. ಎ-3ರ ಒಂದು ಮಗ್ಗುಲಿಗೆ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿಯ ವಿಸ್ಲಿ ತೋಟವಿದೆ. 1903ರಲ್ಲಿ ಸರ್ ಥಾಮಸ್ ಹ್ಯಾನ್‌ಬರಿ ಎಂಬ ಉದಾರಿ ಆ ಸಂಸ್ಥೆಗೆ ಕೊಟ್ಟ ಜಾಗ ಅದು. ವರ್ಷಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಜನ ನೋಡಲು ಬರುವ, ನಮ್ಮ ಲಾಲ್‌ಬಾಗಿನಷ್ಟೇ ಆ ಸೀಮೆಯವರಿಗೆ ಅಕ್ಕರೆಯ ತೋಟ. ಸ್ವಲ್ಪ ಮುಂದೆ ಪೇನ್ಸ್‌ಹಿಲ್ ಉದ್ಯಾನ. ಹದಿನೆಂಟನೆಯ ಶತಮಾನದಲ್ಲಿ ಚಾರ್ಲ್ಸ್ ಹ್ಯಾಮಿಲ್ಟನ್ ಎಂಬಾತ ಚಿತ್ರ ಬರೆದಂತೆ ರೂಪಿಸಿದ್ದು.

ಈಗ ಕೇಳುವ ಕ್ರಮಕ್ಕೆ ಬರೋಣ. ಬ್ರಿಟಿಷ್ ಪಾರ್ಲಿಮೆಂಟು 2008ರಲ್ಲಿ ಮಾಡಿದ ಯೋಜನಾ ಕಾಯಿದೆಯಂತೆ, ರಾಷ್ಟ್ರಮಟ್ಟದ ರಸ್ತೆ, ರೈಲು, ವಿದ್ಯುತ್ ಕಾಮಗಾರಿಗಳಿಗೆ ಅನುಮತಿ ಬೇಡುವವನು ಅರ್ಜಿ ಹಾಕುವುದಕ್ಕೆ ಮೊದಲೇ ಜನರೊಡನೆ ಸಮಾಲೋಚನೆ ನಡೆಸಬೇಕಾಗಿತ್ತು. ಯಾರು ಯಾರನ್ನು, ಎಲ್ಲಿ, ಹೇಗೆ ಕೇಳುತ್ತೇವೆಂಬ ಹೇಳಿಕೆಯನ್ನು ಸ್ಥಳೀಯ ಕೌನ್ಸಿಲ್ಲುಗಳಿಗೆ ತೋರಿಸಿ ಪ್ರಕಟಿಸಬೇಕು. ನೆಲ ಕಳೆದುಕೊಳ್ಳುವವರನ್ನೂ, ಕೌನ್ಸಿಲ್ಲುಗಳನ್ನೂ, ಪರಿಸರ ಮತ್ತು ಪ್ರಾಚೀನ ಸ್ಮಾರಕಗಳ ಸಂಸ್ಥೆಗಳನ್ನೂ, ಸುತ್ತಣ ನಿವಾಸಿಗಳನ್ನೂ ಕೇಳಬೇಕು. ಉತ್ತರಕ್ಕೆ ಕನಿಷ್ಠ 28 ದಿನಗಳ ಅವಕಾಶ ಕೊಡಬೇಕು. ಬಂದ ಉತ್ತರಗಳನ್ನು ಗಣನೆಗೆ ತೆಗೆದುಕೊಳ್ಳಬೇಕು. ಏನು ಬಂತು, ಅದರಿಂದ ಏನು ಬದಲಾಯಿತು, ಬದಲಾಗದಿದ್ದರೆ ಏಕೆ ಎಂಬ ವರದಿಯನ್ನು ಅರ್ಜಿಯೊಂದಿಗೆ ಲಗತ್ತಿಸಬೇಕು. ಈ ಕೊನೆಯ ಮಾತೇ ಮುಖ್ಯವಾದದ್ದೆಂದು ನನಗೆ ತೋರುತ್ತದೆ. ಏಕೆಂದರೆ, ‘ನಿಮ್ಮ ಪತ್ರ ತಲಪಿತು’ ಎಂದು ಹೇಳುವುದು ಯಾವ ಕಚೇರಿಗೂ ಕಷ್ಟವಲ್ಲ. ‘ನಿಮ್ಮ ಮಾತನ್ನು ಒಪ್ಪಲಿಲ್ಲ, ಕಾರಣ ಇದು’ ಎಂದು ಬರೆದು ಕೊಡುವುದು ಕಷ್ಟ.

ಇದಲ್ಲದೆ ನ್ಯಾಯಾಲಯಗಳು ರೂಪಿಸಿದ ನಾಲ್ಕು ಸೂತ್ರಗಳಿವೆ. ಲಂಡನ್ನಿನ ಬ್ರೆಂಟ್ ಎಂಬ ಕೌನ್ಸಿಲ್ಲು ತನ್ನ ಶಾಲೆಗಳ ಏರ್ಪಾಡನ್ನು ಬದಲಿಸಲು ಹೊರಟಾಗ, ತಂದೆತಾಯಿಗಳನ್ನು ಸರಿಯಾಗಿ ಕೇಳಲಿಲ್ಲವೆಂದು 1985ರಲ್ಲಿ ಮೊಕದ್ದಮೆ ನಡೆಯಿತು. ಫಿರ್ಯಾದಿಯ ಹೆಸರಿನಿಂದ ಆ ಸೂತ್ರಗಳಿಗೆ ಗನ್ನಿಂಗ್ ಸೂತ್ರಗಳೆಂದೇ ಹೆಸರು. 2014ರಲ್ಲಿ ಆ ದೇಶದ ಸುಪ್ರೀಂ ಕೋರ್ಟು, ಹ್ಯಾರಿಂಗೇ ಎಂಬ ಇನ್ನೊಂದು ಕೌನ್ಸಿಲ್ಲಿನ ಮೊಕದ್ದಮೆಯಲ್ಲಿ, ಅವಕ್ಕೆ ತನ್ನ ಮುದ್ರೆ ಒತ್ತಿತು. ಯೋಜನೆ ಇನ್ನೂ ಹದ ಮಣ್ಣಾಗಿರುವಾಗಲೇ ಕೇಳಬೇಕು, ಮಡಕೆ ಸುಟ್ಟ ಮೇಲಲ್ಲ. ಕೇಳುವಾಗ, ಬುದ್ಧಿವಂತನಾದವನು ವಿಚಾರ ಮಾಡಿ ಉತ್ತರ ಕೊಡಲು ಸಾಲುವಷ್ಟು ಕಾರಣ ಮತ್ತು ವಿವರ ಕೊಡಬೇಕು. ಉತ್ತರಕ್ಕೆ ಬೇಕಾದಷ್ಟು ಕಾಲ ಕೊಡಬೇಕು. ಬಂದ ಉತ್ತರವನ್ನು ತೀರ್ಮಾನ ಮಾಡುವವನು ಮನಸ್ಸಿಟ್ಟು ಪರಿಶೀಲಿಸಬೇಕು. ಇವುಗಳಲ್ಲಿ ಎಲ್ಲಿಯೂ, ಹೆಚ್ಚು ಜನ ಹೇಳಿದಂತೆ ಮಾಡಬೇಕೆಂಬ ಮಾತಿಲ್ಲ ಎಂಬುದನ್ನು ಗಮನಿಸಬೇಕು. ಸಮಾಲೋಚನೆ ಚುನಾವಣೆಯಲ್ಲ. ನೂರು ಜನ ಬರೆದ ಒಂದೇ ಮಾತಿಗಿಂತ, ಒಬ್ಬ ಮುದುಕ ‘ಮಳೆಗಾಲದಲ್ಲಿ ಆ ತಗ್ಗಿನಲ್ಲಿ ನೀರು ನಿಲ್ಲುತ್ತದೆ’ ಎಂದು ಬರೆದದ್ದು ಇಂಜಿನಿಯರಿಗೆ ಹೆಚ್ಚು ಉಪಯೋಗಕ್ಕೆ ಬರಬಹುದು.

ಇಷ್ಟೆಲ್ಲ ಕಟ್ಟಳೆಗಳು ಸುಮ್ಮನೆ ಹುಟ್ಟಿಕೊಂಡವಲ್ಲ. ಮೊದಲಿನ ಹೆದ್ದಾರಿಗಳ ಕಾಲದಲ್ಲಿ ಮಂತ್ರಾಲಯ ಗೆರೆ ಎಳೆದು, ತಕರಾರಿದ್ದವರಿಗಾಗಿ ವಿಚಾರಣೆ ನಡೆಸುತ್ತಿತ್ತು. 1969ರಲ್ಲಿ ಸ್ಕೆಫಿಂಗ್‌ಟನ್ ಸಮಿತಿ, ಯೋಜನೆ ಮಾಡುವಾಗಲೇ ಜನರನ್ನು ಒಳಗೊಳ್ಳಬೇಕೆಂದು ವರದಿ ಕೊಟ್ಟಿತು. ಆದರೆ ರಸ್ತೆ ವಿಚಾರಣೆಗಳಲ್ಲಿ ‘ಈ ರಸ್ತೆ ಎಲ್ಲಿ ಹೋಗಬೇಕು’ ಎಂದು ಕೇಳಬಹುದಿತ್ತೇ ಹೊರತು ‘ಈ ರಸ್ತೆ ಬೇಕೆ’ ಎಂದು ಕೇಳುವಂತಿರಲಿಲ್ಲ. 1970ರ ದಶಕದ ನಡುವಿನಲ್ಲಿ ಜಾನ್ ಟೈಮ್ ಎಂಬ ಅಧ್ಯಾಪಕರು ಊರೂರು ತಿರುಗಿ, ವಿಚಾರಣೆಯ ಸಭೆಗಳಲ್ಲಿ ಈ ಪ್ರಶ್ನೆಯನ್ನೇ ಎತ್ತಿ, ಸಭೆ ನಡೆಯದಂತೆ ಮಾಡಿದರು. 1976ರಲ್ಲಿ ವಿಂಚೆಸ್ಟರಿನಲ್ಲಿ ಎಂ-3 ರಸ್ತೆಯ ವಿಚಾರಣೆ ನಡೆದಾಗ ಗದ್ದಲವಾಗಿ, ಹೊರಗೆ ಹಾಕಿಸಿಕೊಂಡವರಲ್ಲಿ ಆ ಊರಿನ ಪ್ರಸಿದ್ಧ ಪಾಠಶಾಲೆಯ ಹೆಡ್‌ಮಾಸ್ಟರ್ ಜಾನ್ ಥಾರ್ನ್ ಸಹ ಇದ್ದರು. ಹುಡುಗರಿಗೆ ಶಿಸ್ತು ಕಲಿಸುವವರನ್ನೇ ಸಭೆಯಿಂದ ಹೊರಗೆ ಕಳುಹಿಸುವ ಪ್ರಸಂಗ ಬಂದರೆ, ಆ ಸಭೆಯ ಕ್ರಮವನ್ನು ಮತ್ತೆ ನೋಡಬೇಕೆಂದು ಯಾರಿಗೂ ಅನ್ನಿಸುತ್ತದೆ.

ನ್ಯಾಯಾಲಯವಾದರೂ ಈ ಪ್ರಶ್ನೆಗೆ ಬಾಗಿಲು ತೆರೆಯಲಿಲ್ಲ. ಎಂ-40 ಮತ್ತು ಎಂ-42 ರಸ್ತೆಗಳ ವಿಚಾರಣೆಯಲ್ಲಿ, ಮುಂದಿನ ವರ್ಷಗಳಲ್ಲಿ ಎಷ್ಟು ವಾಹನಗಳು ಬರುತ್ತವೆಂಬ ಇಲಾಖೆಯ ಅಂದಾಜನ್ನು ಪಾಟೀಸವಾಲು ಮಾಡಲು ತಕರಾರುದಾರರು ಬಯಸಿದ್ದರು. ವಿಚಾರಣಾಧಿಕಾರಿ ಒಪ್ಪಲಿಲ್ಲ. ಬುಶೆಲ್ ಮೊಕದ್ದಮೆಯೆಂದು ಹೆಸರಾದ ಈ ವ್ಯಾಜ್ಯದಲ್ಲಿ ಹೌಸ್ ಆಫ್ ಲಾರ್ಡ್ಸ್ 1980ರಲ್ಲಿ ಬಹುಮತದಿಂದ ಅಧಿಕಾರಿಯ ಪಕ್ಷವನ್ನೇ ಹಿಡಿಯಿತು: ಅಂದಾಜಿನ ವಿಧಾನ ರಾಷ್ಟ್ರದ ನೀತಿಗೆ ಸೇರಿದ್ದು, ಒಂದು ಊರಿನ ವಿಚಾರಣೆ ಅದಕ್ಕೆ ತಕ್ಕ ಸ್ಥಳವಲ್ಲ ಎಂದಿತು. ಹಾಗಿದ್ದರೆ ಆ ಅಂದಾಜು ಎಷ್ಟು ಗಟ್ಟಿ? 1994ರಲ್ಲಿ ಸರ್ಕಾರವೇ ನೇಮಿಸಿದ್ದ ತಜ್ಞರ ಸಮಿತಿಯೊಂದು, ರಸ್ತೆ ಅಗಲವಾದರೆ ಅದರಿಂದಲೇ ಹೊಸ ಸಂಚಾರ ಹುಟ್ಟುವುದುಂಟೆಂದು ವರದಿ ಮಾಡಿತು. ಕೆರೆಯ ತೂಬು ದೊಡ್ಡದಾದಷ್ಟೂ ಕೆಳಗಿನ ಗದ್ದೆಯವರು ಹೆಚ್ಚು ನೀರಿನ ಬೆಳೆ ಹಾಕುತ್ತಾರೆ. ಆಮೇಲೆ ಮತ್ತೆ ನೀರು ಸಾಲದು. ರಸ್ತೆಯ ಪಾಡೂ ಅದೇ. ಆ ಸಮಿತಿ ಎತ್ತಿದ ಸಂದೇಹ ಕೂಡುರಸ್ತೆಗಳ ಪ್ರತಿಯೊಂದು ಸಮಾಲೋಚನೆಯಲ್ಲಿಯೂ ಇಂದಿಗೂ ಯಾರಾದರೊಬ್ಬರ ಬಾಯಲ್ಲಿ ಬಂದೇ ಬರುತ್ತದೆ.

ವಿಸ್ಲಿಗೆ ಹಿಂದಿರುಗೋಣ. ಮೊದಲ ಸಮಾಲೋಚನೆ 2017ರ ಫೆಬ್ರವರಿಯವರೆಗೆ ನಡೆಯಿತು. ಆ ವರ್ಷದ ನವೆಂಬರಿನಲ್ಲಿ ಸಂಸ್ಥೆ ಸೌತೆಕಾಯಿ ವೃತ್ತವನ್ನೇ ಆರಿಸಿತು. ಖರ್ಚು ಕಡಮೆ, ಕುರುಚಲು ಬಯಲಿಗೆ ಆಗುವ ನಷ್ಟವೂ ಕಡಮೆ ಎಂಬುದು ಅದರ ಸಮರ್ಥನೆ. ಕಾಯಿದೆ ಕಡ್ಡಾಯ ಮಾಡಿದ ಸಮಾಲೋಚನೆ 2018ರ ಫೆಬ್ರವರಿ 12ರಿಂದ ಮಾರ್ಚ್ 26ರವರೆಗೆ, ಆರು ವಾರಗಳ ಕಾಲ ನಡೆಯಿತು. ಆ ವರ್ಷದ ಕೊನೆಗೆ, ತಿದ್ದಿದ ಭಾಗಗಳ ಮೇಲೆ ಮತ್ತೊಮ್ಮೆ ಕೇಳಿದರು.

ಬಂದ ತಕರಾರುಗಳಲ್ಲಿ ಎಲ್ಲಕ್ಕಿಂತ ದೊಡ್ಡ ದನಿ ತೋಟದ್ದು. ಎ-3ನ್ನು ತೋಟದ ಕಡೆಗೆ ಅಗಲ ಮಾಡಿದರೆ, ಅಂಚಿನಲ್ಲಿರುವ ನೂರು ವರ್ಷದ ಕಾಡಿನಲ್ಲಿ ಐನೂರಕ್ಕೂ ಹೆಚ್ಚು ಮರಗಳು ಹೋಗಬಹುದೆಂದು ಸೊಸೈಟಿ ಮೊದಲ ಹಂತದಲ್ಲಿಯೇ ಎಚ್ಚರಿಸಿತು. ದೇಶದ ತೋಟಗಾರರೆಲ್ಲ ಅದಕ್ಕೆ ಕೈಜೋಡಿಸಿದರು. ಆ ಮರಗಳು ಉಳಿದವು. ನಕ್ಷೆ ಇನ್ನೂ ಹದ ಮಣ್ಣಾಗಿದ್ದಾಗ ಬಂದ ಮಾತು ಅದು. ರಸ್ತೆಯನ್ನು ಯಾವ ಮಗ್ಗುಲಿಗೆ ಅಗಲ ಮಾಡಬೇಕೆಂಬುದು ಆಗಿನ್ನೂ ಗೊತ್ತಾಗಿರಲಿಲ್ಲ.

ಎರಡನೆಯ ತಕರಾರು ಬೇರೆ ಜಾತಿಯದು. ತೋಟಕ್ಕೆ ಹೋಗುವ ಓಣಿ ಹಿಂದೆ ನೇರವಾಗಿ ಎ-3ಕ್ಕೆ ಕೂಡಿಕೊಂಡಿತ್ತು. ಅಷ್ಟು ವೇಗದ ರಸ್ತೆಯ ಪಕ್ಕದಲ್ಲಿ ಇಂಥ ಕಿರುಬಾಗಿಲು ಅಪಾಯವೆಂದು ಹೊಸ ನಕ್ಷೆ ಅದನ್ನು ಮುಚ್ಚಿತು. ಓಣಿಯನ್ನು ಹೊಸ ಸೇತುವೆಯ ಮೂಲಕ ಎ-3ರ ಆಚೆಗೆ ದಾಟಿಸಿ ಆಕಮ್ ಎಂಬ ಹಳ್ಳಿಯ ಹೆಸರಿನ ವೃತ್ತಕ್ಕೆ ಸೇರಿಸಿತು. ತೊಡಕು ಏನೆಂದರೆ, ಆ ವೃತ್ತದಿಂದ ದಕ್ಷಿಣದ ಕಡೆಗೆ ಹೋಗಲು ಬರಲು ಎ-3ಕ್ಕೆ ಕವಲು ರಸ್ತೆಗಳಿಲ್ಲ. ದಕ್ಷಿಣದಿಂದ ಬರುವ ನೆಂಟನೊಬ್ಬ ತೋಟವನ್ನು ಪಕ್ಕದಲ್ಲಿಯೇ ಕಂಡರೂ ಒಳಗೆ ಹೋಗಲಾರದೆ, ಮುಂದಿನ ದೊಡ್ಡ ಕೂಡುರಸ್ತೆಯವರೆಗೂ ಹೋಗಿ, ವೃತ್ತ ಸುತ್ತಿ, ಬಂದ ದಾರಿಯಲ್ಲೇ ಹಿಂದಿರುಗಬೇಕು. ಇಲ್ಲವೇ ರಿಪ್ಲಿ ಎಂಬ ಹಳ್ಳಿಯ ಪೇಟೆಬೀದಿಯಲ್ಲಿ ನುಸುಳಬೇಕು. ಆಗ ಗಂಟಿನ ತೊಂದರೆ ಹಳ್ಳಿಯವರ ಮನೆಬಾಗಿಲಿಗೆ ಬಂದಂತಾಯಿತು. ದಕ್ಷಿಣಾಭಿಮುಖವಾದ ಎರಡು ಕವಲುಗಳನ್ನು ಸೇರಿಸಿ ಎಂಬುದೇ ಸೊಸೈಟಿಯ ಬೇಡಿಕೆ. ಗಂಟನ್ನು ಸಡಿಲಿಸಲು ಮಾಡುವ ಕೆಲಸ, ತೋಟಕ್ಕೆ ಬರುವ ಒಂದಷ್ಟು ವಾಹನಗಳನ್ನು ಅದೇ ಗಂಟಿನೊಳಕ್ಕೆ ತಳ್ಳುತ್ತದಲ್ಲ ಎಂದು ಕೇಳಿದರೆ ಅದು ಒರಟು ಪ್ರಶ್ನೆಯೆನ್ನಲಾಗದು.

ಪೇನ್ಸ್‌ಹಿಲ್ ಉದ್ಯಾನದವರ ಚಿಂತೆ ಇನ್ನೂ ಸೂಕ್ಷ್ಮ. ಅವರ ತೋಟದ ಒಂದು ಮೂಲೆಯಲ್ಲಿ ಗಾಥಿಕ್ ಶೈಲಿಯ ಹಳೆಯ ಗೋಪುರವಿದೆ. ಎ-3ರ ಕಡೆಯಿಂದ ಅಲ್ಲಿಗಿದ್ದ ದಾರಿ ಮುಚ್ಚಿದರೆ, ಬೆಂಕಿ ಬಿದ್ದಾಗ ನಂದಿಸುವ ಗಾಡಿ ಹೇಗೆ ಬರಬೇಕು? ಮೂರು ಲಕ್ಷ ವಾಹನಗಳ ಲೆಕ್ಕ ಹಾಕುವ ಮೇಜಿನ ಮೇಲೆ ಒಂದು ಬೆಂಕಿ ಗಾಡಿಯ ದಾರಿಯೂ ಚರ್ಚೆಗೆ ಬಂತು. ಕೇಳದಿದ್ದರೆ ಇಂಥದು ಯಾರಿಗೆ ಹೊಳೆಯುತ್ತಿತ್ತು?

2019ರ ಜೂನಿನಲ್ಲಿ ಸಂಸ್ಥೆ ಅರ್ಜಿ ಸಲ್ಲಿಸಿತು. ಅಲ್ಲಿಂದ ಮುಂದಿನದು ಪರೀಕ್ಷಣೆ. ಸರ್ಕಾರದ ಯೋಜನಾ ಪರೀಕ್ಷಕರ ಮಂಡಲಿಯೊಂದು ಎಲ್ಲರ ಬರಹಗಳನ್ನು ಓದಿ, ಪ್ರಶ್ನೆ ಕೇಳಿ, ಸ್ಥಳ ನೋಡಿ, ಬೇಕಾದಲ್ಲಿ ಸಭೆ ನಡೆಸಿ ಮಂತ್ರಿಗೆ ಶಿಫಾರಸು ಮಾಡುತ್ತದೆ. ನ್ಯಾಯಾಲಯದಂತೆ ಇಲ್ಲಿ ಪಾಟೀಸವಾಲು ಸಾಮಾನ್ಯವಾಗಿ ಇಲ್ಲ. ಬಹುತೇಕ ಕಾಗದದ ಮೇಲೆಯೇ ವಾದ. ಸಾಮಾನ್ಯವಾಗಿ ಆರು ತಿಂಗಳಲ್ಲಿ ಮುಗಿಯಬೇಕಾದದ್ದು 2019ರ ನವೆಂಬರಿನಲ್ಲಿ ಆರಂಭವಾಗಿ, ಮಧ್ಯದಲ್ಲಿ ಕೊರೋನಾ ಪಿಡುಗು ಬಂದದ್ದರಿಂದ, 2020ರ ಜುಲೈವರೆಗೂ ನಡೆಯಿತು. ಮಂತ್ರಿಯ ತೀರ್ಮಾನದ ದಿನ ಹಲವು ಬಾರಿ ಮುಂದಕ್ಕೆ ಹೋಗಿ, ಕೊನೆಗೆ 2022ರ ಮೇ ತಿಂಗಳಲ್ಲಿ ಅನುಮತಿ ಬಂತು. ಹಕ್ಕಿಗಳ ಬಯಲಿಗೆ ನಷ್ಟವಾಗುವುದು ನಿಜವೆಂದು ಒಪ್ಪಿ, ಬೇರೆ ದಾರಿಯಿಲ್ಲವೆಂದೂ ಸಾರ್ವಜನಿಕ ಹಿತ ಬಲವಾದದ್ದೆಂದೂ ಹೇಳಿ, ನಷ್ಟಕ್ಕೆ ಬದಲಿ ಏರ್ಪಾಡು ವಿಧಿಸಿ ಕೊಟ್ಟ ಅನುಮತಿ ಅದು. ದಕ್ಷಿಣಾಭಿಮುಖದ ಕವಲುಗಳು ಅದರಲ್ಲಿ ಸೇರಲಿಲ್ಲ.

ಹೀಗೆ ನೋಡಿದರೆ ಜನ ಏನು ಗೆದ್ದರು, ಏನು ಸೋತರು ಎಂಬುದು ಸ್ಪಷ್ಟವಾಗುತ್ತದೆ. ರಸ್ತೆಯ ಅಂಚು ಎಲ್ಲಿ ಬೀಳಬೇಕು, ಯಾವ ಮರ ಉಳಿಯಬೇಕು, ಎಷ್ಟು ಬದಲಿ ನೆಲ ಕೊಡಬೇಕು, ಎಲ್ಲೆಲ್ಲಿ ಕುದುರೆಯವರಿಗೂ ನಡೆಯುವವರಿಗೂ ಸೇತುವೆ ಬೇಕು ಎಂಬಲ್ಲಿ ಅವರ ಮಾತಿಗೆ ತೂಕವಿತ್ತು. ಎ-3ರ ಮೇಲೆ ಹೊಸದಾಗಿ ಕಟ್ಟಿದ ಕಾಕ್‌ಕ್ರೋ ಸೇತುವೆಯ ಮೇಲೆ ಮಣ್ಣು ಹಾಸಿ, ಹೀತ್ ಗಿಡಗಳನ್ನು ಬೆಳೆಸಿ, ರಸ್ತೆ ಎರಡು ತುಂಡು ಮಾಡಿದ ಬಯಲನ್ನು ಹುಳುಹಪ್ಪಟೆಗಳಿಗೂ ಸರೀಸೃಪಗಳಿಗೂ ಮತ್ತೆ ಜೋಡಿಸುವ ಏರ್ಪಾಡಾಗಿದೆ. ಆದರೆ ವಾಹನಗಳ ಮುಖ್ಯ ಪ್ರವಾಹ ಯಾವ ಕಡೆ ಹರಿಯಬೇಕೆಂಬ ಮೂಲ ಲೆಕ್ಕಕ್ಕೆ ಕೈಹಾಕಿದ ಬೇಡಿಕೆ, ಎಷ್ಟೇ ದೊಡ್ಡ ಸಂಸ್ಥೆ ಕೇಳಿದರೂ, ಒಳಗೆ ಬರಲಿಲ್ಲ. ರಸ್ತೆಯನ್ನೇ ಅಗಲ ಮಾಡಬೇಕೆ ಎಂಬುದಂತೂ ಪ್ರಶ್ನಾವಳಿಯ ಮೊದಲ ಪುಟಕ್ಕಿಂತ ಮುಂಚೆಯೇ ತೀರ್ಮಾನವಾಗಿತ್ತು.

ಕಾಮಗಾರಿ 2022ರಲ್ಲಿ ಮೊದಲಾಯಿತು. ಒಟ್ಟು ವೆಚ್ಚದ ಅಂದಾಜು 31 ಕೋಟಿ 70 ಲಕ್ಷ ಪೌಂಡು. 2024ರ ಮಾರ್ಚಿ 15ರ ಶುಕ್ರವಾರ ರಾತ್ರಿಯಿಂದ, ಹಳೆಯ ಸೇತುವೆಯೊಂದನ್ನು ಕೆಡವುವ ಸಲುವಾಗಿ, ಹತ್ತು ಮತ್ತು ಹನ್ನೊಂದನೆಯ ಕೂಡುರಸ್ತೆಗಳ ನಡುವೆ ಎಂ-25ನ್ನೇ ಮುಚ್ಚಿದರು. 1986ರಲ್ಲಿ ತೆರೆದ ಮೇಲೆ ಈ ರಸ್ತೆಯನ್ನು ಹೀಗೆ ಮೊದಲೇ ಗೊತ್ತು ಮಾಡಿ ಹಗಲಿನಲ್ಲಿ ಪೂರ್ತಿಯಾಗಿ ಮುಚ್ಚಿದ್ದು ಅದೇ ಮೊದಲು. ಹನ್ನೊಂದೂವರೆ ಮೈಲಿಯ ಸುತ್ತುದಾರಿ ಗೊತ್ತು ಮಾಡಿದ್ದರು. ಮಹಾ ಪ್ರಳಯವೇ ಆಗುವುದೆಂದು ಪತ್ರಿಕೆಗಳು ಬರೆದವು. ಜನ ಮೊದಲೇ ತಿಳಿದು ಮನೆಯಲ್ಲಿ ಉಳಿದದ್ದರಿಂದ ಅಂಥದೇನೂ ಆಗಲಿಲ್ಲ, ಗೊತ್ತು ಮಾಡಿದ್ದ ಹೊತ್ತಿಗಿಂತ ಮೊದಲೇ ರಸ್ತೆ ತೆರೆಯಿತು. ಒಟ್ಟು ಕೆಲಸ ಮಾತ್ರ ತಡವಾಯಿತು: 2025ರ ಬೇಸಗೆಗೆ ಮುಗಿಯಬೇಕಾದದ್ದನ್ನು 2026ಕ್ಕೆ ಮುಂದೂಡಿದರು. ಈ ಅವಧಿಯಲ್ಲಿ ತೋಟಕ್ಕೆ ಬರುವವರು ಕಡಮೆಯಾಗಿ ತನಗೆ ದೊಡ್ಡ ನಷ್ಟವಾಯಿತೆಂದು ಸೊಸೈಟಿ ದೂರಿತು.

ಇಷ್ಟರಲ್ಲಿ ಕೇಳುವ ಕಟ್ಟಳೆಯೇ ಬದಲಾಗುವ ಕಾಲ ಬಂತು. ಅರ್ಜಿಗೆ ಮುಂಚಿನ ಕಡ್ಡಾಯ ಸಮಾಲೋಚನೆಯನ್ನು ತೆಗೆದುಹಾಕುವುದಾಗಿ ಬ್ರಿಟಿಷ್ ಸರ್ಕಾರ 2025ರ ಏಪ್ರಿಲಿನಲ್ಲಿ ಪ್ರಕಟಿಸಿತು. ಅರ್ಜಿಗೆ ಮುಂಚಿನ ಈ ಹಂತ 2013ರಲ್ಲಿ ಸರಾಸರಿ 14 ತಿಂಗಳು ಹಿಡಿಯುತ್ತಿದ್ದದ್ದು 2021ರ ವೇಳೆಗೆ 27 ತಿಂಗಳಾಯಿತೆಂದು ಅದರ ಲೆಕ್ಕ. ಕಾಯಿದೆಯ ಪ್ರತಿ ಅಕ್ಷರಕ್ಕೂ ಹೆದರಿ, ಸಣ್ಣ ತಿದ್ದುಪಡಿಗೂ ಮತ್ತೆ ಮತ್ತೆ ಸಮಾಲೋಚನೆ ನಡೆಸಿ, ಯಾರೂ ಓದದಷ್ಟು ದಪ್ಪ ಸಂಪುಟಗಳನ್ನು ಅಚ್ಚು ಹಾಕಿಸುತ್ತಿದ್ದಾರೆ, ನಕ್ಷೆ ಸುಧಾರಿಸುವ ಬದಲು ನಕ್ಷೆಗೆ ಕವಚ ತೊಡಿಸುತ್ತಿದ್ದಾರೆ ಎಂಬ ದೂರು ಸುಳ್ಳೇನೂ ಅಲ್ಲ. ಆ ವರ್ಷದ ಕೊನೆಯಲ್ಲಿಯೇ ಅದು ಪಾರ್ಲಿಮೆಂಟಿನಲ್ಲಿ ಕಾಯಿದೆಯ ರೂಪ ಪಡೆಯಿತು. ಇನ್ನು ಮುಂದೆ ಒಳ್ಳೆಯ ಅರ್ಜಿದಾರ ಮೊದಲಿನಂತೆಯೇ ಜನರನ್ನು ಕೇಳಿಯಾನೆಂದು ಸರ್ಕಾರದ ನಂಬಿಕೆ. ವಿಸ್ಲಿಯ ಮರಗಳು ಉಳಿದದ್ದು ಯಾವ ಹಂತದಲ್ಲಿ ಎಂಬುದನ್ನು ನೆನೆದವರಿಗೆ ಆ ನಂಬಿಕೆ ಅಷ್ಟು ಸುಲಭವಾಗಿ ಬಾರದು. ಮೊದಲ ಹಂತದ ಆ ಸಮಾಲೋಚನೆಯನ್ನು ಆಗಲೂ ಕಾಯಿದೆ ಕಡ್ಡಾಯ ಮಾಡಿರಲಿಲ್ಲ ಎಂಬುದೂ ನಿಜ. ಮುಂದೆ ಕಾಯಿದೆಯ ಪ್ರಕಾರ ಕೇಳಲೇಬೇಕಾಗಿದ್ದುದರಿಂದ ಮುಂಚಿತವಾಗಿ ಕೇಳಿಬಿಡುವುದು ಜಾಣತನವಾಗಿತ್ತು.

ಅರ್ಜಿ ಅಂಗೀಕೃತವಾದ ಮೇಲಿನ ಹಂತಗಳು ಮಾತ್ರ ಮೊದಲಿನಂತೆಯೇ ಇವೆ. ಆಸಕ್ತನಾದ ಯಾರೇ ಆಗಲಿ, ನೆಲ ಉಳ್ಳವನಾಗಲಿ ಇಲ್ಲದವನಾಗಲಿ, ಗೊತ್ತು ಮಾಡಿದ ಅವಧಿಯೊಳಗೆ ತನ್ನ ಮಾತನ್ನು ಬರೆದು ಹೆಸರು ನೋಂದಾಯಿಸಿಕೊಂಡರೆ, ಪರೀಕ್ಷಕರ ಮಂಡಲಿ ಅದನ್ನು ಓದಲೇಬೇಕು. ಅವನು ಬಯಸಿದರೆ ಸಭೆಯಲ್ಲಿ ಹೇಳಿಕೊಳ್ಳಲೂ ಅವಕಾಶ ಕೊಡಬೇಕು. ಅದಕ್ಕೆ ಶುಲ್ಕವಿಲ್ಲ, ವಕೀಲನೂ ಬೇಕಾಗಿಲ್ಲ.